ಗೋಲು ಹೊಡೆದು ಕೈಮುಗಿಯುತ್ತಿದ್ದವನು

"ಅಜ್ಜಾರ, ಉಂಡ ಮನೀ ನೆನಸೂದು ತಪ್ಪೇನ್ರಿ?"

ಕೇಳಿದವನು ಮಠದ ಅಡುಗೆಯ ಮುರಿಗೆಪ್ಪ. ಕೈಯಲ್ಲಿ ಸೌಟು ಹಿಡಿದುಕೊಂಡೇ ಗುರುಗಳ ಎದುರಿಗೆ ಬಂದು ನಿಂತಿದ್ದ. ಅಂದು ಮಧ್ಯಾಹ್ನದ ದಾಸೋಹದಲ್ಲಿ ಅವನು ಮಾಡಿದ ಗೋಧಿ ಹುಗ್ಗಿಗೆ ಮುನ್ನೂರು ಜನ ಬೆರಳು ನೆಕ್ಕಿಕೊಂಡಿದ್ದರು. ಒಬ್ಬ ಮುದುಕಿ ಪಂಕ್ತಿಯಿಂದ ಎದ್ದು ಬಂದು, "ಎಂಥಾ ಹುಗ್ಗಿ ಮಾಡೀಯೋ ಯಪ್ಪಾ, ನಿನ್ನ ಕೈಗೆ ಬಂಗಾರದ ಕಡಗಾ ಹಾಕಬೇಕು" ಎಂದು ಅವನ ಗಲ್ಲ ಸವರಿದ್ದಳು. ಮುರಿಗೆಪ್ಪ ತಲೆ ತಗ್ಗಿಸಿ, "ಇದು ಇಲ್ಲೀದಲ್ಲಬೇ, ಮೊದಲಿನ ಮಠದಾಗ ಕಲಿತದ್ದು. ಅಲ್ಲೀ ಹುಗ್ಗಿ ಮುಂದ ಇದು ಏನೂ ಅಲ್ಲ" ಎಂದಿದ್ದ. ಮುದುಕಿಯ ಮುಖ ಸಣ್ಣದಾಯಿತು. ಗಲ್ಲ ಸವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದಳು.

ಮುರಿಗೆಪ್ಪ ಈ ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಅದಕ್ಕೆ ಮೊದಲು ಮೂರು ಮಠ ಕಂಡವನು. ಮೊದಲನೆಯದರಲ್ಲಿ ಅಡುಗೆ ಕಲಿತ, ಎರಡನೆಯದರಲ್ಲಿ ಹಾಡು ಕಲಿತ, ಮೂರನೆಯದರಲ್ಲಿ ಉಳುಕಿದ ಕಾಲು ನೀವುವುದನ್ನು ಕಲಿತ. ಮೂರನ್ನೂ ಬೆಳಗಿನ ಮೊದಲ ಬಸ್ಸಿಗೆ ಬಿಟ್ಟು ಬಂದಿದ್ದ. ಇಲ್ಲಿ ಅವನ ಚೀಲ ಇನ್ನೂ ಬಿಚ್ಚದೆ ಪಡಸಾಲೆಯ ಗೂಟದಲ್ಲೇ ತೂಗುತ್ತಿತ್ತು. ಹಾಡು ಚೆನ್ನಾಗಿತ್ತು ಎಂದರೆ ಎರಡನೆಯ ಮಠದ ಕಡೆಗೆ ಕೈಮುಗಿಯುವನು. ಕಾಲು ನೆಟ್ಟಗಾಯಿತು ಎಂದರೆ ಮೂರನೆಯದರ ಕಡೆಗೆ. ಯಾವ ಮಠ ಯಾವ ದಿಕ್ಕಿಗಿದೆ ಎಂದು ಉಳಿದ ಶಿಷ್ಯರು ಅವನ ಕೈ ನೋಡಿಯೇ ಕಲಿತಿದ್ದರು.

"ಅವರು ಅನ್ನಾ ಹಾಕ್ಯಾರ್ರಿ, ವಿದ್ಯಾ ಕೊಟ್ಟಾರ" ಎಂದ ಮುರಿಗೆಪ್ಪ. "ಇಲ್ಲಿ ಯಾರರ ಹೊಗಳಿದ್ರ ನನಗ ನಗಾಕ ಆಗೂದಿಲ್ಲ. ನಕ್ಕರ ಅವರಿಗೆ ದ್ರೋಹ ಮಾಡಿದಂಗ ಆಕ್ಕೈತಿ. ಆ ಮುದುಕಿ ಯಾಕ ಸಿಟ್ಟಾದ್ಲು ಅಂತ ನನಗ ತಿಳೀಲಿಲ್ರಿ."

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮಗುಚಿಟ್ಟರು. ಅವರು ಪೂರ್ವಾಶ್ರಮದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾಲೋನಿಯ ಹುಡುಗರ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದವರು. ಸನ್ಯಾಸಿಯಾದವನು ಪೂರ್ವಾಶ್ರಮದ ಮಾತು ಎತ್ತಬಾರದು. ಗುರುಗಳೂ ಎತ್ತುತ್ತಿರಲಿಲ್ಲ. ಆದರೆ ಅವರ ದೃಷ್ಟಾಂತಗಳಲ್ಲಿ ರೈತ, ವ್ಯಾಪಾರಿ, ರಾಜ ಬರುವುದು ಕಡಿಮೆ, ಚೆಂಡು ಬರುವುದು ಹೆಚ್ಚು. ಇನ್ನೊಂದು ಮಾತು. ಕತೆ ಹೇಳುವಾಗ ಅವರದು ಪುಸ್ತಕದ ಭಾಷೆ. ಸಿಟ್ಟು ಬಂದಾಗ, ಇಲ್ಲವೇ ಅಂತಃಕರಣ ಉಕ್ಕಿದಾಗ ಮಾತ್ರ ಹುಬ್ಬಳ್ಳಿಯ ಭಾಷೆ ಹೊರಗೆ ಬರುತ್ತಿತ್ತು. ಎರಡರಲ್ಲಿ ಯಾವುದೆಂದು ಕೇಳಿದವನೇ ತಿಳಿದುಕೊಳ್ಳಬೇಕು.

ಕುಳಿತುಕೋ ಎಂದರು. ಮುರಿಗೆಪ್ಪ ಕುಳಿತ. ಗುರುಗಳು ಹೇಳಿದರು:

ಬ್ರೆಜಿಲ್ ದೇಶದಲ್ಲಿ ಒಬ್ಬ ಆಟಗಾರನಿದ್ದ. ಹೆಸರು ಜೂಕಾ. ಪೂರ್ತಿ ಹೆಸರು ಮಾರುದ್ದ. ಆ ದೇಶದವರು ಅದನ್ನು ಪಾಸ್‌ಪೋರ್ಟಿಗೆ ಬಿಟ್ಟು, ಕೂಗಲು ಚಿಕ್ಕದೊಂದನ್ನು ಇಟ್ಟುಕೊಳ್ಳುತ್ತಾರೆ. ಇವನು ಸ್ಟ್ರೈಕರ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನು. ಗೋಲು ಹೊಡೆದವನಿಗೆ ಹೂವಿನ ಹಾರ, ತಡೆಯುವವನಿಗೆ ಮೊಣಕಾಲಿನ ಗಾಯ. ಅದು ಇರಲಿ, ನನ್ನ ಮಾತು ಬೇಡ.

ಹತ್ತೊಂಬತ್ತನೆಯ ವಯಸ್ಸಿಗೆ ಪೋರ್ಚುಗಲ್ ದೇಶದ ಒಂದು ಕ್ಲಬ್ಬು ಅವನನ್ನು ಕರೆಸಿಕೊಂಡಿತು. ಎರಡೂ ದೇಶದ ಭಾಷೆ ಒಂದೇ. ಆದರೂ ಹುಬ್ಬಳ್ಳಿಯವನು ಮಂಗಳೂರಿಗೆ ಹೋದ ಹಾಗೆ, ಕೇಳಿದ್ದೊಂದು, ತಿಳಿದದ್ದೊಂದು. ಚಳಿ ತಡೆಯದೆ ಎರಡು ಕಾಲುಚೀಲ ಹಾಕಿಕೊಂಡು ಆಡಿದ. ಆದರೂ ಗೋಲು ಹೊಡೆದ. ಎರಡು ವರ್ಷವಾದ ಮೇಲೆ ಅದೇ ದೇಶದ ಇನ್ನೊಂದು ಕ್ಲಬ್ಬಿಗೆ ಹೋದ. ಆಟಗಾರರು ಹಾಗೆ ಹೋಗುತ್ತಾರೆ. ಅದರಲ್ಲಿ ದೋಷವಿಲ್ಲ.

ಫುಟ್‌ಬಾಲಿನಲ್ಲಿ ಒಂದು ಮರ್ಯಾದೆ ಇದೆ. ಹಿಂದೆ ಆಡಿದ ಕ್ಲಬ್ಬಿನ ಎದುರು ಗೋಲು ಹೊಡೆದರೆ ಕುಣಿಯಬಾರದು. ಕೈ ಜೋಡಿಸಿ, ತಲೆ ತಗ್ಗಿಸಿ ಸುಮ್ಮನೆ ನಿಲ್ಲಬೇಕು. ಅನ್ನ ಕೊಟ್ಟ ಮನೆಯ ಬಾಗಿಲಲ್ಲಿ ಪಟಾಕಿ ಹಚ್ಚಬಾರದು, ಅಷ್ಟೆ. ಜೂಕಾ ಹಳೆಯ ಕ್ಲಬ್ಬಿನ ಎದುರು ಮೊದಲ ಗೋಲು ಹೊಡೆದಾಗ ಹಾಗೆಯೇ ನಿಂತ. ಗೋಲು ತಿಂದ ಜನರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಪತ್ರಿಕೆಯಲ್ಲಿ ಗೋಲಿನ ಚಿತ್ರ ಬರಲಿಲ್ಲ, ಮುಗಿದ ಕೈಯ ಚಿತ್ರ ಬಂತು. ಜೂಕಾ ಅದನ್ನು ಕತ್ತರಿಸಿ ತಾಯಿಗೆ ಕಳಿಸಿದ.

ಮೂರನೆಯ ಕ್ಲಬ್ಬಿಗೆ ಹೋದ. ಈಗ ಕೈಮುಗಿಯಲು ಎರಡು ಮನೆ. ನಾಲ್ಕನೆಯದಕ್ಕೆ ಹೋದ, ಮೂರು. ಮೂವತ್ತು ತುಂಬುವ ಹೊತ್ತಿಗೆ ಎಂಟು ಕ್ಲಬ್ಬುಗಳಲ್ಲಿ ಆಡಿ ಮುಗಿಸಿದ್ದ. ಆ ದೇಶದ ಲೀಗಿನಲ್ಲಿದ್ದದ್ದು ಹದಿನೆಂಟು ತಂಡ. ಉಳಿದವುಗಳಲ್ಲೂ ಏನಾದರೊಂದು ಋಣ ಹುಡುಕುವನು. ಒಂದು ಕ್ಲಬ್ಬಿನ ತರಬೇತುದಾರ ಹಿಂದೆ ಇವನಿಗೆ ಕಲಿಸಿದವನು. ಇನ್ನೊಂದರ ಅಡುಗೆಯವನು ಬ್ರೆಜಿಲಿನವನು, ಒಮ್ಮೆ ಕರೆದು ಕಪ್ಪು ಹುರುಳಿಯ ಸಾರು ಹಾಕಿದ್ದ. ಮತ್ತೊಂದು ಕ್ಲಬ್ಬು ಇವನನ್ನು ಕರೆಸಿ, ವೈದ್ಯರಿಂದ ಮೊಣಕಾಲು ನೋಡಿಸಿ, ಬೇಡವೆಂದು ಕಳಿಸಿತ್ತು. ಅದಕ್ಕೂ ಕೈಮುಗಿದ. ಜೊತೆಗಾರರು ಅಪ್ಪಿಕೊಳ್ಳಲು ಓಡಿ ಬಂದರೆ ಟ್ರಾಫಿಕ್ ಪೊಲೀಸನ ಹಾಗೆ ಕೈ ಅಡ್ಡ ಹಿಡಿದು ನಿಲ್ಲಿಸುವನು. ಅವರು ತಬ್ಬಲು ಚಾಚಿದ ಕೈಯಿಂದ ತಲೆ ಕೆರೆದುಕೊಂಡು ಹಿಂದಿರುಗುವರು.

ಒಂಬತ್ತನೆಯದಾಗಿ ಜೂಕಾ ಒಂದು ಮೀನುಗಾರರ ಊರಿನ ಕ್ಲಬ್ಬಿಗೆ ಬಂದ. ಚಿಕ್ಕ ಊರು. ಮೂವತ್ತು ವರ್ಷ ಕೆಳಗಿನ ದರ್ಜೆಯಲ್ಲಿ ಒದ್ದಾಡಿ, ಅದೇ ವರ್ಷ ಮೊದಲ ಸಲ ದೊಡ್ಡ ಲೀಗಿಗೆ ಏರಿದ ತಂಡ. ಅಲ್ಲಿಯ ಮೈದಾನಕ್ಕೆ ಸೊಂಟದೆತ್ತರದ ಬೇಲಿ. ಬೇಲಿಯ ಹೊರಗೆ ಜನ ಕೆಂಡದ ಮೇಲೆ ಮೀನು ಸುಟ್ಟು, ಬರಿಗೈಯಲ್ಲಿ ತಿನ್ನುತ್ತ ಆಟ ನೋಡುತ್ತಾರೆ. ಮೂಗು ಮುಚ್ಚಿಕೊಳ್ಳಬೇಡ ಮುರಿಗೆಪ್ಪ, ಅದು ಅವರ ಹುಗ್ಗಿ. ಗೋಲು ಹೊಡೆದವನು ನೇರ ಆ ಬೇಲಿಗೆ ಓಡಬೇಕು. ಅದು ಆ ಊರಿನ ಪದ್ಧತಿ. ಜನ ಬೇಲಿಯ ಮೇಲಿಂದ ಬಾಗಿ ಅವನನ್ನು ತಬ್ಬುತ್ತಾರೆ, ಬೆನ್ನು ತಟ್ಟುತ್ತಾರೆ. ಅಂಗಿಯ ತುಂಬ ಮೀನೆಣ್ಣೆಯ ಕೈಗುರುತು.

ಆ ಅಂಗಿಗಳನ್ನು ಒಗೆಯುವವಳು ಲುದೊವಿನಾ ಎಂಬ ಮುದುಕಿ. ಮೂವತ್ತು ವರ್ಷದಿಂದ ತಂಡದ ಬಟ್ಟೆ ಒಗೆದವಳು. ಕೈಗುರುತಿನ ಅಂಗಿಯನ್ನು ಅವಳು ಎಲ್ಲಕ್ಕಿಂತ ಕೊನೆಗೆ ತಿಕ್ಕುವಳು. ತಿಕ್ಕುತ್ತ ಊರಿಗೆಲ್ಲ ಬೈಯುವಳು. ಇದು ಕಟುಕನ ಹಸ್ತ, ಇದು ಪಾದ್ರಿಯ ಬೆರಳು, ಇದು ನನ್ನ ತಂಗಿಯದೇ, ಕೈ ತೊಳೆಯದ ಮೂದೇವಿ ಎಂದು ಒಂದೊಂದನ್ನೂ ಗುರುತಿಸುವಳು. ಆ ಬೈಗುಳ ಕೇಳಿಸಿದ ದಿನ ಊರಿಗೆ ಹಬ್ಬ.

ಜೂಕಾ ಆ ವರ್ಷ ಕೊನೆಯ ಪಂದ್ಯಕ್ಕೆ ಮೊದಲೇ ಹನ್ನೊಂದು ಗೋಲು ಹೊಡೆದ. ಹನ್ನೊಂದು ಸಲವೂ ಬೇಲಿಯ ಕಡೆ ಬರಲಿಲ್ಲ. ಎದುರಾಳಿಗಳ ಕಡೆ ತಿರುಗಿ ಕೈಮುಗಿದು ನಿಂತ. ಜನ ಬೇಲಿಯ ಮೇಲೆ ಬಾಗಿದವರು ಹಾಗೆಯೇ ನೆಟ್ಟಗಾಗಿ, ಉಳಿದ ಮೀನು ತಿಂದರು.

ವರ್ಷದ ಕೊನೆಯ ಪಂದ್ಯ ಬಂತು. ಗೆದ್ದರೆ ದೊಡ್ಡ ಲೀಗಿನಲ್ಲಿ ಉಳಿಯುತ್ತಾರೆ. ಇಲ್ಲದಿದ್ದರೆ ಮತ್ತೆ ಕೆಳಗೆ. ಎದುರಾಳಿ ಜೂಕಾನ ಐದನೆಯ ಕ್ಲಬ್ಬು. ಆಟದ ಮಧ್ಯೆ ಇವನ ಕಾಲು ತಗಲಿ ಹಳೆಯ ಗೆಳೆಯನೊಬ್ಬ ಬಿದ್ದ. ಜೂಕಾ ಪಕ್ಕದಲ್ಲಿ ಕುಳಿತು ಅವನ ಕಾಲು ನೀವತೊಡಗಿದ. ಏಳು ಎಂದರೆ ಏಳಲಿಲ್ಲ. ಗೆಳೆಯನೇ ಸಾಕು ಬಿಡು ಎಂದರೂ ಬಿಡಲಿಲ್ಲ. ಆಟ ತಡೆಯುತ್ತಿದ್ದಾನೆಂದು ರೆಫರಿ ಎಚ್ಚರಿಕೆಯ ಹಳದಿ ಕಾರ್ಡ್ ತೋರಿಸಿದ. ನೀನು ನಗಬೇಡ. ಹೋದ ತಿಂಗಳು ನೀನು ಕಾಲು ನೀವುತ್ತ ಕುಳಿತು ಅನ್ನ ಸೀಯಿಸಿದ್ದನ್ನು ನಾವು ಮೂರು ದಿನ ಉಂಡಿದ್ದೇವೆ.

ಎಂಬತ್ತಾರನೆಯ ನಿಮಿಷದವರೆಗೆ ಎರಡೂ ಕಡೆ ಸೊನ್ನೆ. ಆಗ ಜೂಕಾ ಗೋಲು ಹೊಡೆದ. ಎಂಥ ಗೋಲು! ಗೋಲ್‌ಕೀಪರನ ತಪ್ಪಲ್ಲ, ಅದನ್ನು ಯಾರಿಂದಲೂ ಹಿಡಿಯಲಾಗುತ್ತಿರಲಿಲ್ಲ. ಇಡೀ ಊರು ಬೇಲಿಯ ಮೇಲೆ ಬಾಗಿತು. ಜೂಕಾ ಎದುರಾಳಿಗಳ ಕಡೆ ತಿರುಗಿ ಕೈಜೋಡಿಸಿ ಕಣ್ಣು ಮುಚ್ಚಿದ. ಅರ್ಧ ನಿಮಿಷವಾಯಿತು. ಒಂದು ನಿಮಿಷವಾಯಿತು. ಎದುರಾಳಿಗಳು ಚೆಂಡನ್ನು ನಡುವೆ ಇಟ್ಟು ಕಾದರು. ಎಲ್ಲರೂ ತಮ್ಮ ತಮ್ಮ ಅಂಗಳಕ್ಕೆ ಮರಳದೆ ಆಟ ಮತ್ತೆ ಶುರುವಾಗುವಂತಿಲ್ಲ. ಇವನು ಅವರ ಅಂಗಳದಲ್ಲೇ ಕಂಬದ ಹಾಗೆ ನಿಂತಿದ್ದ. ರೆಫರಿ ಸೀಟಿ ಊದಿದ. ಕಣ್ಣು ತೆರೆಯಲಿಲ್ಲ. ಮತ್ತೆ ಊದಿದ. ಕೊನೆಗೆ ಬಂದು ಭುಜ ತಟ್ಟಿ ಎರಡನೆಯ ಹಳದಿ ಕಾರ್ಡ್ ತೋರಿಸಿ, ಹಿಂದೆಯೇ ಕೆಂಪು ಕಾರ್ಡ್ ತೆಗೆದ. ಎರಡು ಹಳದಿಯಾದರೆ ಒಂದು ಕೆಂಪು, ಕೆಂಪು ಬಂದರೆ ಮೈದಾನದಿಂದ ಹೊರಗೆ. ಒದ್ದು ಹೊರಗೆ ಹೋದವರನ್ನು ಕಂಡಿದ್ದೇನೆ, ಬೈದು ಹೋದವರನ್ನೂ ಕಂಡಿದ್ದೇನೆ. ವಿನಯ ಹೆಚ್ಚಾಗಿ ಹೊರಗೆ ಹೋದವನು ಇವನೊಬ್ಬನೇ.

ಉಳಿದ ಹತ್ತು ಜನ ಹೇಗೋ ನಾಲ್ಕು ನಿಮಿಷ ಕಾದು ಗೆದ್ದರು. ಊರು ಬೇಲಿ ಹಾರಿ ಮೈದಾನಕ್ಕೆ ನುಗ್ಗಿತು. ಕಟುಕ ಪಾದ್ರಿಯನ್ನು ಹೆಗಲ ಮೇಲೆ ಹೊತ್ತು ಕುಣಿದ. ಗೋಲು ಹೊಡೆದವನು ಮಾತ್ರ ಒಳಗೆ ಬೆಂಚಿನ ಮೇಲೆ ಒಬ್ಬನೇ ಕುಳಿತು ಬೂಟಿನ ದಾರ ಬಿಚ್ಚುತ್ತಿದ್ದ.

ಲುದೊವಿನಾ ಬುಟ್ಟಿ ಹಿಡಿದು ಬಂದಳು. ಅವನ ಅಂಗಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಹನ್ನೆರಡು ಗೋಲು ಹೊಡೆದೆ. ನಿನ್ನ ಅಂಗಿಯ ಮೇಲೆ ನಮ್ಮೂರಿನ ಒಂದು ಕೈಗುರುತೂ ಇಲ್ಲವಲ್ಲೋ" ಎಂದಳು.

"ಅಮ್ಮಾ, ಅವರು ನನಗೆ ಅನ್ನ ಹಾಕಿದವರು" ಎಂದ ಜೂಕಾ.

"ನಾವೇನು ಮಣ್ಣು ಹಾಕಿದೆವೇ?"

ಜೂಕಾನಿಗೆ ಅವಳು ಯಾಕೆ ಸಿಟ್ಟಾದಳು ಎಂದು ತಿಳಿಯಲಿಲ್ಲ. ಅಂಗಿ ಕೊಳೆಯಾಗದಿದ್ದರೆ ಒಗೆಯುವವಳಿಗೆ ಸುಖವೇ ಅಲ್ಲವೇ ಎಂದುಕೊಂಡ. ಮುರಿಗೆಪ್ಪ, ಎರಡು ಕಾಲುಚೀಲ ಹಾಕಿದರೆ ಚಳಿ ಹೋಗುತ್ತದೆ, ಪೆದ್ದತನ ಹೋಗುವುದಿಲ್ಲ.

ಆ ಬೇಸಗೆಯಲ್ಲಿ ಹತ್ತನೆಯ ಕ್ಲಬ್ಬು ಕರೆಯಿತು. ಜೂಕಾ ಚೀಲ ಎತ್ತಿಕೊಂಡು ಬೆಳಗಿನ ಬಸ್ಸಿಗೆ ಹೊರಟ. ಚೀಲ ಬಿಚ್ಚಿಯೇ ಇರಲಿಲ್ಲವಾದ್ದರಿಂದ ಕಟ್ಟುವ ಕೆಲಸ ಇರಲಿಲ್ಲ. ಬಸ್ಸು ತಿರುವು ದಾಟಿದ್ದೇ ತಡ, ಅವನಿಗೆ ಅಳು ಬಂತು. ಸುಟ್ಟ ಮೀನಿನ ವಾಸನೆ ನೆನಪಾಯಿತು. ಬೇಲಿ ನೆನಪಾಯಿತು. ಮುದುಕಿಯ ಬೈಗುಳ ನೆನಪಾಯಿತು. ಹೊಸ ಕ್ಲಬ್ಬಿನ ಜನರ ಎದುರು ಊಟಕ್ಕೆ ಕೂತರೆ ಸಾಕು, ಆ ಊರಿನ ಮೀನಿನ ಮುಂದೆ ಇದು ಏನೂ ಅಲ್ಲ ಎನ್ನತೊಡಗಿದ.

ಮರುವರ್ಷ ಅದೇ ಊರಿಗೆ ಆಡಲು ಬಂದ, ಎದುರಾಳಿಯಾಗಿ. ಗೋಲು ಹೊಡೆದ. ಹೊಡೆದವನೇ ಸೊಂಟದೆತ್ತರದ ಆ ಬೇಲಿಗೆ ಓಡಿದ. ಕೈಜೋಡಿಸಿ, ಬಾಗಿ, ಕಣ್ಣೀರು ಸುರಿಸುತ್ತ ನಿಂತ. ನನ್ನನ್ನು ಮುಟ್ಟಿ ಎನ್ನುವ ಹಾಗೆ ಬೆನ್ನು ಒಡ್ಡಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಬೈಯಲೂ ಇಲ್ಲ. ಎಲ್ಲರೂ ಎಣ್ಣೆಯ ಕೈಗಳನ್ನು ತಮ್ಮ ತಮ್ಮ ಅಂಗಿಗೆ ಒರೆಸಿಕೊಂಡರು. ಲುದೊವಿನಾ ಬೇಲಿಯ ಹತ್ತಿರ ಬಂದು ಅವನನ್ನು ನೋಡಿದಳು. ಅವಳ ಕಣ್ಣಲ್ಲೂ ನೀರಿತ್ತು.

"ಈಗ ಬಂದೆಯಾ ಮಗನೇ?" ಎಂದಳು. "ಈಗ ನಿನ್ನ ಅಂಗಿ ಒಗೆಯುವವಳು ನಾನಲ್ಲವಲ್ಲ."

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಕೇಳಿದ: "ಅಂದ್ರ, ಕೈಮುಗಿಯೂದ ತಪ್ಪೇನ್ರಿ ಅಜ್ಜಾರ?"

ಗುರುಗಳು ಪಡಸಾಲೆಯ ಗೂಟದಲ್ಲಿ ನೇತಾಡುತ್ತಿದ್ದ ಅವನ ಚೀಲದ ಕಡೆ ನೋಡಿದರು. ನಾಲ್ಕು ವರ್ಷದ ಧೂಳು ಅದರ ಮೇಲೆ ಕುಳಿತಿತ್ತು. ಅವರ ದನಿಯಿಂದ ಪುಸ್ತಕದ ಭಾಷೆ ಹೊರಟುಹೋಗಿತ್ತು.

"ಬಿಟ್ಟು ಬಂದ ಮಠಾನ ನಿನಗ ಪ್ರೀತಿ. ಹಂಗಾರ ಮುರಿಗೆಪ್ಪಾ, ನಮ್ಮ ಮಠಾನೂ ಪ್ರೀತಿ ಆಗಬೇಕಂದ್ರ, ನೀ ಯಾವ ಬಸ್ಸಿಗೆ ಹೊಂಟೀಯಪಾ?"