ಯಾರೂ ಸಾರಿಸದ ಗೋಡೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಮರುಳಯ್ಯ ಅಂತ ಒಬ್ಬ ಗುರುಗಳು. ಸುತ್ತಲ ನಾಲ್ಕೂರ ಜನರ ಬಾಯಲ್ಲಿ ಅವರು ಅಜ್ಜಾರು. ಮಾತು ಕಮ್ಮಿ, ಮಜ್ಜಿಗೆ ಜಾಸ್ತಿ.

ಶಿಷ್ಯ ಈರಭದ್ರನಿಗೆ ಮಾತೇ ಮಜ್ಜಿಗೆ. ಮೂರು ವರ್ಷ ಹೆಣಗಿ ಅವನು ಮಠದ ಜಾಗದಲ್ಲೊಂದು ಮಣ್ಣಿನ ಮನೆ ಕಟ್ಟಿದ. ಒಂದು ಹಿಡಿ ಸಿಮೆಂಟಿಲ್ಲ. ಮಳೆ ನೀರು ತೊಟ್ಟಿಗೆ, ಬಚ್ಚಲ ನೀರು ಬಾಳೆಗೆ. ನಾಲ್ಕೂರ ಜನ ಅಲ್ಲಿ ಕೂಡಬೇಕು, ಬೀಜ ಹಂಚಿಕೊಳ್ಳಬೇಕು, ಗೊಬ್ಬರ ಮಾಡಬೇಕು, ಮುರಿದದ್ದನ್ನು ಬಿಸಾಡದೆ ರಿಪೇರಿ ಮಾಡಿಕೊಳ್ಳಬೇಕು ಅಂತ ಅವನ ಆಸೆ. ಆಸೆ ಒಳ್ಳೆಯದೇ, ಇಲ್ಲ ಅನ್ನೋಣವೇ?

ದೀಪಾವಳಿಗೆ ಊರ ಹೆಂಗಸರು ಸಗಣಿ, ಕೆಮ್ಮಣ್ಣಿನ ಬುಟ್ಟಿ ಹೊತ್ತು ಬಂದರು. ಹಬ್ಬಕ್ಕೆ ಗೋಡೆ ಸಾರಿಸುವುದು ಅಲ್ಲಿನ ರೂಢಿ.

ಈರಭದ್ರ ಬಾಗಿಲಲ್ಲೇ ತಡೆದ. ಇದು ಅಗಸೆ ಎಣ್ಣೆ ಕುಡಿಸಿದ ಗೋಡೆ, ನೂರು ವರ್ಷ ಯಾರೂ ಕೈ ಹಚ್ಚುವ ಹಾಗಿಲ್ಲ ಎಂದು ಅರ್ಧ ತಾಸು ಪಾಠ ಹೇಳಿದ. ಹೆಂಗಸರು ಬುಟ್ಟಿ ಹೊತ್ತುಕೊಂಡು ಬಂದ ದಾರಿಗೆ ಸುಂಕವಿಲ್ಲ ಅಂತ ಹೋದರು.

ಅವತ್ತಿನಿಂದ ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಎರಡು ನಾಯಿ ಮಾತ್ರ ತಂಪಿಗೆ ಬಂದು ಮಲಗುತ್ತಿದ್ದವು. ಈರಭದ್ರ ಅವಕ್ಕೇ ಗೊಬ್ಬರದ ಗುಂಡಿಯ ವಿಷಯ ಹೇಳಿದ. ಒಂದು ಆಕಳಿಸಿತು.

ಯುಗಾದಿವರೆಗೆ ಕಾಯುವುದು, ಆಗಲೂ ಜನ ಬರದಿದ್ದರೆ ಮಠದ ದನಗಳ ಹೊಟ್ಟು ಅಲ್ಲಿ ತುಂಬುವುದು ಎಂದು ಅಜ್ಜಾರು ಹೇಳಿಬಿಟ್ಟರು. ಈರಭದ್ರನಿಗೆ ಅನ್ನ ಸೇರದಾಯಿತು.

ಯುಗಾದಿಗೆ ಎಂಟು ದಿನ ಇರುವಾಗ ಅವನು ಅಜ್ಜಾರ ಕಾಲು ಹಿಡಿದ.

"ನನ್ನ ಮನ್ಯಾಗ ಏನು ಕೊರತಿ ಐತ್ರಿ, ಅಜ್ಜಾರ?"

ಅಜ್ಜಾರು ಬಂದು ಒಂದು ಸುತ್ತು ಹಾಕಿದರು. ಗೋಡೆ ಸವರಿದರು, ತೊಟ್ಟಿ ಇಣುಕಿದರು.

"ಏನೂ ಕೊರತಿ ಇಲ್ಲ," ಅಂದರು. "ಅದಾ ಕೊರತಿ."

ಹಾಗಂದವರೇ ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಮುಂದಿನ ಗೋಡೆಗೆ ನಾಲ್ಕು ಏಟು ಹಾಕಿದರು. ಮೊರದಗಲ ತೂತು ಬಿತ್ತು. ಅಜ್ಜಾರು ಹಾರೆ ಇಟ್ಟು, ಕೈ ಕೊಡವಿಕೊಂಡು ಮಠಕ್ಕೆ ನಡೆದರು.

ಈರಭದ್ರ ತಲೆಯ ಮೇಲೆ ಕೈ ಹೊತ್ತು ಕೂತ. ಗುರುಗಳ ಮೇಲೆ ಅಷ್ಟು ಸಿಟ್ಟು ಅವನಿಗೆ ಹಿಂದೆಂದೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆ ಗಂಟು ಹೊತ್ತು ಹೊಳೆಗೆ ಹೊರಟಿದ್ದ ದುರಗವ್ವ ತೂತು ಕಂಡು ನಿಂತಳು. ದೀಪಾವಳಿಗೆ ಬುಟ್ಟಿ ಹೊತ್ತು ಬಂದವರಲ್ಲಿ ಅವಳೇ ಮುಂದಾಳು. ತೂತಿನೊಳಗೆ ತಲೆ ಹಾಕಿ ನೋಡಿ, ಹೊರಗೆ ತೆಗೆದಳು.

"ನೂರು ವರ್ಷ ಆತೇನಪಾ?"

ಈರಭದ್ರ ಬಾಯಿ ತೆರೆದ. ಗುರುಗಳ ಹೆಸರು ಹೇಳಲಾರದೆ ಮುಚ್ಚಿಕೊಂಡ.

ದುರಗವ್ವ ಗಂಟು ಇಳಿಸಿ, ಮಣ್ಣು ತುಳಿ ಅಂದಳು. ತುಳಿದರೆ ತುಳಿಯಲೂ ಬರುವುದಿಲ್ಲ ಎಂದು ಬೈದಳು. ಬೈಗುಳ ಕೇಳಿ ದಾರಿಹೋಕರು ನಿಂತರು. ಮಣ್ಣಿಗೆ ಹುಲ್ಲು ಸಾಲದು ಅಂದ ಒಬ್ಬ. ಬೆಲ್ಲದ ನೀರು ಹಾಕದೆ ಅದು ಹಿಡಿಯುತ್ತದೆಯೇ ಎಂದ ಇನ್ನೊಬ್ಬ. ಕಲಸಿದ ಮಣ್ಣು ಮೂರು ದಿನ ಕೊಳೆಯಬೇಕು ಅನ್ನುವುದೊಂದಕ್ಕೆ ಎಲ್ಲರೂ ಒಪ್ಪಿದರು.

ಕೊಳೆಯಿತೋ ಇಲ್ಲವೋ ನೋಡಲು ದಿನಾ ಬಂದರು. ಬರಿಗೈಯಲ್ಲಿ ಬರುವುದು ಹೇಗೆ? ಒಬ್ಬಳು ಜವಾರಿ ಸವತೆಯ ಬೀಜ ತಂದಳು. ಒಬ್ಬ ಕಾಲು ಮುರಿದ ಮಂಚ ಹೊತ್ತು ತಂದು ಅಲ್ಲೇ ರಿಪೇರಿಗೆ ಕೂತ. ತೂತು ಮುಚ್ಚಿದ ಮೇಲೆ, ಉಳಿದ ಗೋಡೆಗಳೇನು ಪಾಪ ಮಾಡಿದವು ಅಂತ ದುರಗವ್ವ ಅವನ್ನೂ ಸಾರಿಸಲು ಹಿಡಿದಳು.

ಯುಗಾದಿಯ ದಿನ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಇನ್ನು ಹೊಟ್ಟು ತುಂಬುವ ಮಾತೆಲ್ಲಿ!

ಈರಭದ್ರ ಕುಣಿಯುತ್ತ ಮಠಕ್ಕೆ ಓಡಿದ, ಕಾಲಿಗೆ ಬಿದ್ದ. ಆದರೂ ಒಂದು ಮುಳ್ಳು ಒಳಗೆ ಚುಚ್ಚುತ್ತಲೇ ಇತ್ತು.

"ಅಜ್ಜಾರ, ಈರಭದ್ರಗ ಗ್ವಾಡಿ ಕಟ್ಟಾಕ ಬರೂದಿಲ್ಲಂತ ನಾಲ್ಕೂರಾಗ ನಗಾಕತ್ತಾರ. ತೂತು ಹಾಕಿದ್ದು ನೀವು ಅಂತ ಒಂದು ಮಾತು ಹೇಳಿಬಿಡ್ರಿ."

ಅಜ್ಜಾರು ಮಜ್ಜಿಗೆಯ ತಂಬಿಗೆ ಕೆಳಗಿಟ್ಟು ಮೀಸೆ ಒರೆಸಿಕೊಂಡರು.

"ಹೇಳತೀನಿ ತಮ್ಮಾ. ಎಲ್ಲಾ ಬಲ್ಲಾಂವನ ಮನಿಗೆ ನಾಳಿಂದ ಯಾರು ಬರತಾರ, ಅದೊಂದು ನೀ ಹೇಳು."