ಹಾಲಿನವನ ಪೆಟ್ರೋಲ್ ಫಿಲ್ಟರ್

"ಅಜ್ಜನವರೇ, ಚೆನ್ನಾಗಿದ್ದವರು ಯಾವ ಕಾರಣವೂ ಇಲ್ಲದೆ ಮಾತು ಬಿಟ್ಟುಬಿಡುವುದುಂಟೇ?"

ಪೂಜೆ ಮುಗಿಸಿ ಮಠದ ಜಗಲಿಗೆ ಬಂದ ಅಜ್ಜನವರಿಗೆ ನಮಸ್ಕಾರ ಮಾಡಿ, ಶಿಷ್ಯ ಅಡಿವೆಪ್ಪ ಹೀಗೆ ಕೇಳಿದ. ಯಾರ ವಿಷಯ ಎಂದು ಅಜ್ಜನವರು ವಿಚಾರಿಸಿದರು. ತನ್ನ ಹೆಂಡತಿ ಗುರವ್ವನ ವಿಷಯ ಎಂದ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೇಳಿದ.

ಅವನ ತಾಯಿಗೂ ತಮ್ಮನಿಗೂ ಆಗಿಬರುವುದಿಲ್ಲ. ಒಂದೇ ಮನೆಯಲ್ಲಿ ಎರಡು ಒಲೆ. ಇಬ್ಬರೂ ಮುಖ ಕೊಟ್ಟು ಮಾತಾಡುವುದಿಲ್ಲ. ತಾಯಿ ಅನ್ನುವುದನ್ನೆಲ್ಲ ಗುರವ್ವನ ಮುಂದೆ ಅನ್ನುತ್ತಾಳೆ; ತಮ್ಮನೂ ಅವಳ ಮುಂದೆಯೇ ಅನ್ನುತ್ತಾನೆ. ಗುರವ್ವ ಅದನ್ನು ಆ ಕಡೆ ಈ ಕಡೆ ಮುಟ್ಟಿಸುವಾಗ ಅದರಲ್ಲಿ ಒಂದು ಬಿರುಸು ಮಾತೂ ಉಳಿದಿರುತ್ತಿರಲಿಲ್ಲ. ಹಾಗೆಯೇ ಮನೆ ನಡೆದುಕೊಂಡು ಬಂದಿತ್ತು. ಈಗ ಕೆಲವು ತಿಂಗಳಿಂದ ಅವಳು ಯಾರ ಮಾತನ್ನೂ ಯಾರಿಗೂ ಮುಟ್ಟಿಸುವುದಿಲ್ಲ. ಕೆಲಸ ಮಾಡುತ್ತಾಳೆ, ನಗುವುದಿಲ್ಲ. ಮಕ್ಕಳನ್ನು ಕೂಡ ಮಾತಾಡಿಸುವುದಿಲ್ಲ. ಏನಾಯಿತು ಎಂದರೆ ಏನಿಲ್ಲ ಎನ್ನುತ್ತಾಳೆ. ಅಂದಿನಿಂದ ಮನೆಯಲ್ಲಿ ದಿನವೂ ಜಗಳ. ಇವಳಿಂದಲೇ ಮನೆ ಕೆಟ್ಟಿತು, ತವರಿಗೆ ಕಳಿಸು ಎಂದು ತಾಯಿ ಹಟ ಹಿಡಿದಿದ್ದಾಳೆ. ತಾಯಿಯ ಯಾವ ಮಾತಿಗೂ ಒಪ್ಪದ ತಮ್ಮ ಇದೊಂದಕ್ಕೆ ಹೂಂ ಎಂದಿದ್ದಾನೆ.

"ನಾಳೆ ಬೆಳಿಗ್ಗೆ ಬಿಟ್ಟು ಬರಬೇಕೆಂದಿದ್ದೇನೆ. ತಮ್ಮ ಅಪ್ಪಣೆಯಾದರೆ ನನಗೂ ಸಮಾಧಾನ," ಎಂದ.

ಅಜ್ಜನವರು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಂಗಳದಲ್ಲಿ ನಿಂತಿದ್ದ ಅವನ ಮೋಟಾರ್ ಸೈಕಲ್ಲಿನ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳತೊಡಗಿದರು.

ಒಬ್ಬ ಹಾಲಿನವನಿದ್ದ. ಊರಿನ ಮನೆಮನೆಯ ಹಾಲನ್ನು ಕ್ಯಾನುಗಳಿಗೆ ತುಂಬಿ, ಮೋಟಾರ್ ಸೈಕಲ್ಲಿನ ಎರಡೂ ಪಕ್ಕಕ್ಕೆ ಕಟ್ಟಿಕೊಂಡು ಪೇಟೆಗೆ ಒಯ್ಯುತ್ತಿದ್ದ. ಹಾಲಿನ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. ಹಾಲು ಸೋಸುವ ಬಟ್ಟೆಯಲ್ಲಿ ಸ್ವಲ್ಪ ಹುಳಿ ವಾಸನೆ ಬಂದರೂ ಮನೆಯಲ್ಲಿ ರಂಪ ಮಾಡುತ್ತಿದ್ದ.

ಗಾಡಿ ಮಾತ್ರ ಹಳೆಯದು. ಟ್ಯಾಂಕಿನ ಒಳಗೆ ತುಕ್ಕು ಹಿಡಿದಿತ್ತು. ತುಕ್ಕಿನ ಪುಡಿ ಪೆಟ್ರೋಲಿನ ಜೊತೆ ಇಳಿದು, ಎಂಜಿನ್ನಿಗೆ ಪೆಟ್ರೋಲ್ ಬಿಡುವ ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಕೂರುತ್ತಿತ್ತು. ಆಗ ಗಾಡಿ ಕೆಮ್ಮಿ ಕೆಮ್ಮಿ ದಾರಿಯಲ್ಲಿ ನಿಲ್ಲುತ್ತಿತ್ತು. ಬಿಸಿಲೇರಿದರೆ ಹಾಲು ಒಡೆಯುತ್ತದೆ. ಅವನು ಬೆವರು ಸುರಿಸುತ್ತ ಗಾಡಿ ತಳ್ಳಿಕೊಂಡು ಹೋಗುವುದನ್ನು ಕಂಡು ಕುರಿ ಕಾಯುವವರು, ಮಾವ ಇವತ್ತು ಪೇಟೆಗೆ ಮೊಸರು ಮುಟ್ಟಿಸುತ್ತಾನೋ ಮಜ್ಜಿಗೆ ಮುಟ್ಟಿಸುತ್ತಾನೋ ಎಂದು ತಮ್ಮತಮ್ಮಲ್ಲೇ ಅವನಿಗೆ ಕೇಳುವಂತೆ ಆಡಿಕೊಳ್ಳುತ್ತಿದ್ದರು.

ಗಾಡಿ ರಿಪೇರಿಯವನು ನೋಡಿದ. ಟ್ಯಾಂಕು ಇಳಿಸಿ ಒಳಗಿನ ತುಕ್ಕು ತೆಗೆಯಬೇಕು, ಒಂದು ದಿನ ಗಾಡಿ ಬಿಟ್ಟುಹೋಗು ಎಂದ. ಹಸು ರಜೆ ಕೊಡುವುದಿಲ್ಲವಲ್ಲಪ್ಪ ಎಂದ ಹಾಲಿನವನು. ಹಾಗಾದರೆ ಸದ್ಯಕ್ಕೆ ಫಿಲ್ಟರ್ ಹಾಕೋಣ ಎಂದು, ರಿಪೇರಿಯವನು ಟ್ಯಾಂಕಿನಿಂದ ಕಾರ್ಬುರೇಟರಿಗೆ ಇಳಿಯುವ ಪೈಪನ್ನು ನಡುವೆ ಕತ್ತರಿಸಿದ. ಹೆಬ್ಬೆರಳಿನಷ್ಟಿದ್ದ, ಒಳಗಿನದು ಹೊರಗೆ ಕಾಣುವ ಒಂದು ಪ್ಲಾಸ್ಟಿಕ್ ಫಿಲ್ಟರನ್ನು ಅಲ್ಲಿ ಸಿಕ್ಕಿಸಿದ. ಅದರ ಮೇಲಿನ ಬಾಣದ ಗುರುತು ಕಾರ್ಬುರೇಟರಿನ ಕಡೆಗಿದೆಯೇ ಎಂದು ನೋಡಿಕೊಂಡು ಎರಡೂ ತುದಿಗೆ ಕ್ಲಿಪ್ಪು ಬಿಗಿದ. ಟ್ಯಾಂಕಿನ ಕೆಲಸ ಮರೆಯಬೇಡ, ಇದರ ಮೇಲೂ ಆಗಾಗ ಕಣ್ಣಿಡು ಎಂದ. ಅಷ್ಟರಲ್ಲಿ ಹಾಲಿನವನು ಕಿಕ್ ಹೊಡೆದಾಗಿತ್ತು.

ಗಾಡಿ ಹೊಸದರಂತೆ ಓಡಿತು. ಕುರಿಯವರಿಗೆ ಆಡಿಕೊಳ್ಳಲು ಏನೂ ಸಿಗಲಿಲ್ಲ. ಗಾಡಿ ಓಡುತ್ತಿರುವಾಗ ಟ್ಯಾಂಕಿನ ನೆನಪು ಯಾರಿಗೆ ಬರುತ್ತದೆ? ಅವನು ಕೆಟ್ಟವನಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದೇ ತಿಳಿದಿದ್ದ.

ಹೀಗೇ ಬಹಳ ದಿನ ಕಳೆದ ಮೇಲೆ ಗಾಡಿ ಮತ್ತೆ ತೊಡಕು ಕೊಡತೊಡಗಿತು. ಈಗ ಕೆಮ್ಮುತ್ತಿರಲಿಲ್ಲ. ಸಮನೆಲದಲ್ಲಿ ಸುಮ್ಮನೆ ಹೋಗುತ್ತಿತ್ತು. ಏರು ಬಂದ ಕೂಡಲೇ ಸೊರಗಿ ಸೊರಗಿ ನಿಲ್ಲುತ್ತಿತ್ತು. ಒಂದು ದಿನ ಏರಿನ ನಡುವೆ ನಿಂತದ್ದು ಎಷ್ಟು ಒದ್ದರೂ ಏಳಲಿಲ್ಲ. ಊರಿನ ಹಾಲೆಲ್ಲ ಬಿಸಿಲಲ್ಲಿ ಒಡೆಯಿತು. ಇನ್ನೊಮ್ಮೆ ಹೀಗಾದರೆ ಹಾಲನ್ನು ಬೇರೆಯವನಿಗೆ ಕೊಡುತ್ತೇವೆ ಎಂದು ಮನೆಗಳವರು ಹೇಳಿಬಿಟ್ಟರು.

ಹಾಲಿನವನು ಮನೆಗೆ ಬಂದು ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಹೆಂಡತಿ ಆಗತಾನೇ ಹಾಲಿನ ಬಟ್ಟೆ ಒಗೆದು ಹಗ್ಗದ ಮೇಲೆ ಹರವುತ್ತಿದ್ದಳು. ಎಲ್ಲಕ್ಕೂ ಈ ಹಾಳು ಫಿಲ್ಟರೇ ಕಾರಣ ಎಂದು ಅವಳಿಗೆ ಹೇಳಿದ. ಮೊದಲು ಗಾಡಿ ನಿಂತರೂ ಮತ್ತೆ ಏಳುತ್ತಿತ್ತು, ಇದು ಪೆಟ್ರೋಲನ್ನೇ ಬಿಡುತ್ತಿಲ್ಲ, ಕಿತ್ತು ತಿಪ್ಪೆಗೆ ಎಸೆಯುತ್ತೇನೆ ಎಂದ. ಹಾಗೆಯೇ ಕ್ಲಿಪ್ಪು ಸಡಿಲಿಸಿ ಅದನ್ನು ಕಿತ್ತೂ ಬಿಟ್ಟ.

ಹೆಂಡತಿ ಕೈ ಒರೆಸಿಕೊಂಡು ಬಂದು ಅದನ್ನು ಇಸಿದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಒಳಗೆಲ್ಲ ಕೆಂಪು ರಾಡಿ ಕಟ್ಟಿಕೊಂಡಿತ್ತು.

"ತಂದಾಗ ಇದು ಹೀಗೇ ಇತ್ತೇನು?" ಎಂದಳು.

"ಇಲ್ಲ, ಆಚೆಯದು ಈಚೆಗೆ ಕಾಣುತ್ತಿತ್ತು," ಎಂದ.

"ಹಾಲು ಸೋಸುವ ಬಟ್ಟೆಯನ್ನು ನಾನು ಎರಡು ಹೊತ್ತೂ ಒಗೆದು ಹಾಕುತ್ತೇನೆ. ಒಂದು ಹೊತ್ತು ತಪ್ಪಿದರೆ ನೀವೇ ಮನೆ ಹಾರಿಹೋಗುವಂತೆ ಕೂಗಾಡುತ್ತೀರಿ. ಇದೂ ಸೋಸುವ ಕೆಲಸವನ್ನೇ ಮಾಡಿದೆ. ಇದನ್ನು ಇಲ್ಲಿಯವರೆಗೆ ತೊಳೆದವರು ಯಾರು?"

ಹಾಲಿನವನು ಫಿಲ್ಟರನ್ನು ಅವಳ ಕೈಯಿಂದ ತೆಗೆದುಕೊಂಡ. ಹುಟ್ಟಿದಾಗಿನಿಂದ ಹಾಲು ಸೋಸುವುದನ್ನು ಕಂಡವನು. ಸೋಸಿದ ಬಟ್ಟೆ ತೊಳೆಯದಿದ್ದರೆ ಏನಾಗುತ್ತದೆ ಎಂಬುದು ಅವನಿಗೆ ಬೇರೆಯವರು ಹೇಳಬೇಕಾದ ಸಂಗತಿಯೇ ಅಲ್ಲ. ಆದರೂ ತನ್ನ ಗಾಡಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ.

ಅವನು ಫಿಲ್ಟರನ್ನು ತಲೆಕೆಳಗು ಹಿಡಿದು ಅದರ ಕೆಳಬಾಯಿಂದ ಒಂದಿಷ್ಟು ಶುದ್ಧ ಪೆಟ್ರೋಲ್ ಹೊಯ್ದ. ಮೇಲಿನ ಬಾಯಿಂದ ತುಕ್ಕು ಕದಡಿಕೊಂಡು ಹೊರಗೆ ಬಂತು. ಹೊಯ್ದಷ್ಟೂ ಬಂತು. ಅದರಲ್ಲಿ ಫಿಲ್ಟರಿನದು ಎನ್ನುವಂಥದ್ದು ಒಂದು ಚೂರೂ ಇರಲಿಲ್ಲ. ಎಲ್ಲವೂ ಟ್ಯಾಂಕಿನಿಂದ ಇಳಿದದ್ದು. ತಾನು ನೆಮ್ಮದಿಯಿಂದ ಓಡಾಡಿದ ಅಷ್ಟು ದಿನವೂ ಇದು ಅದನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು ಎಂಬುದು ಅವನಿಗೆ ಆಗ ಗೊತ್ತಾಯಿತು.

ಮರುದಿನ ಹಾಲನ್ನು ಬಸ್ಸಿಗೆ ಹಾಕಿ ಕಳಿಸಿದ. ಟ್ಯಾಂಕು ಇಳಿಸಿ, ಸಣ್ಣ ಗರಸುಕಲ್ಲೂ ಸೀಮೆಎಣ್ಣೆಯೂ ಹಾಕಿ, ರಟ್ಟೆ ಸೋಲುವವರೆಗೆ ಅಲುಗಾಡಿಸಿದ. ಒಳಗಿನ ತುಕ್ಕೆಲ್ಲ ಸುರಿದು ಹೋಗುವವರೆಗೆ ಬಿಡಲಿಲ್ಲ. ಆಮೇಲೆ ಫಿಲ್ಟರನ್ನು ಅದೇ ಜಾಗದಲ್ಲಿ, ಬಾಣ ಕಾರ್ಬುರೇಟರಿನ ಕಡೆ ಮಾಡಿ, ತನ್ನ ಕೈಯಾರೆ ಸಿಕ್ಕಿಸಿದ. ಅಂದಿನಿಂದ ಹೆಂಡತಿ ಹಾಲಿನ ಬಟ್ಟೆ ಒಗೆಯುವ ಹೊತ್ತಿಗೆ ಅವನೂ ಗಾಡಿಯ ಕಡೆ ಒಮ್ಮೆ ಬಗ್ಗಿ ನೋಡುತ್ತಿದ್ದ.

ಅಜ್ಜನವರು ಕತೆ ನಿಲ್ಲಿಸಿದರು. ಅಡಿವೆಪ್ಪ ತನ್ನ ಗಾಡಿಯ ಕಡೆ ನೋಡಿದ. ಆಮೇಲೆ, "ಅವನ ಪುಣ್ಯ ದೊಡ್ಡದು, ಎಸೆಯುವ ಮೊದಲೇ ತಿಳಿಯಿತು," ಎಂದ.

"ತಿಳಿಸುವುದಕ್ಕೆ ಅವನಿಗೆ ಮನೆಯಲ್ಲಿ ಹೆಂಡತಿಯಿದ್ದಳು, ಅಡಿವೆಪ್ಪ, ನಿನ್ನ ಮನೆಯಲ್ಲಿ ತಿಳಿಸಬೇಕಾದವಳೇ ಮಾತು ಬಿಟ್ಟಿದ್ದಾಳೆ."