ಅಧ್ಯಕ್ಷರು ಸುಮ್ಮನಿದ್ದ ಒಂದು ನಿಮಿಷ

ನಾಗವೇಣಿ ಸಾಕ್ಷ್ಯಚಿತ್ರ ತೆಗೆಯುವವಳು. ಕ್ಯಾಮೆರಾ, ಮೈಕು, ಓಡಾಟ ಎಲ್ಲಾ ಅವಳೊಬ್ಬಳದೇ. ಪೇಟೆಯ ಹೆಂಗಸರು ನೀರಿಗಾಗಿ ಕೊಡ ಹಿಡಿದು ಕಾಯುವುದನ್ನು ಎಂಟು ತಿಂಗಳಿಂದ ಚಿತ್ರಿಸುತ್ತಿದ್ದಳು. ಪುರಸಭೆ ಅಧ್ಯಕ್ಷ ಚನ್ನಬಸಯ್ಯನವರಿಗೆ ಸುದ್ದಿ ಮುಟ್ಟಿತು.

“ಅದರಲ್ಲಿ ನನ್ನ ಮುಖ ಒಂದು ನಿಮಿಷವಾದ್ರೂ ಬರಬೇಕು. ನಡುವೆ ಕತ್ತರಿ ಹಾಕಬಾರದು. ಇಲ್ಲಾಂದ್ರೆ ಪುರಭವನದಲ್ಲಿ ನಿನ್ನ ಪಿಚ್ಚರ್ ತೋರಿಸೋಕೆ ಬಿಡಲ್ಲ” ಅಂದರು.

“ಆಗಲಿ ಸಾರ್, ಮಾತು ಕೊಟ್ಟೆ” ಅಂದಳು.

ಅಧ್ಯಕ್ಷರು ಹೊಸ ನಲ್ಲಿಗೆ ಹಾರ ಹಾಕಿಸಿದರು. ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ನಲವತ್ತು ನಿಮಿಷ ಕೊರೆದರು. ಮನೆಮನೆಗೂ ನೀರು, ಹಗಲೂ ರಾತ್ರಿ ನೀರು! ಕೊನೆಗೆ ಠೀವಿಯಿಂದ ನಲ್ಲಿ ತಿರುಗಿಸಿದರು. ಬಂದದ್ದು ಬರೀ ಗಾಳಿ.

ನಾಗವೇಣಿ ನಗಲಿಲ್ಲ. “ಸಾರ್, ಈಗ ಒಂದು ನಿಮಿಷ ಹಾಗೇ ಸುಮ್ಮನೆ ಕೂತಿರಿ. ಜಾಗದ ಸದ್ದನ್ನ ಬೇರೆಯಾಗಿ ಹಿಡ್ಕೋಬೇಕು. ಪ್ರತಿ ಶೂಟಿಂಗಿನಲ್ಲೂ ಇದು ನಮ್ಮ ಪದ್ಧತಿ.”

ಅಧ್ಯಕ್ಷರು ಗಂಭೀರವಾಗಿ ಕೂತರು. ನಲ್ಲಿ ಮಾತ್ರ ಬುಸ್ಸೆನ್ನುತ್ತಲೇ ಇತ್ತು, ಕ್ಯಾಮೆರಾನೂ ಓಡುತ್ತಲೇ ಇತ್ತು.

ಪ್ರದರ್ಶನದ ದಿನ ಪುರಭವನ ತುಂಬಿತ್ತು. ಅಧ್ಯಕ್ಷರ ಮುಖ ಪರದೆಯ ಮೇಲೆ ಬಂತು. ಒಂದು ನಿಮಿಷ ಪೂರ್ತಿ ಅವರು ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿ ನಲ್ಲಿಯೇ ಮಾತಾಡಿತು. ಜನ ಬಿದ್ದು ಬಿದ್ದು ನಕ್ಕರು.

“ನನ್ನ ಭಾಷಣ ಎಲ್ಲಮ್ಮಾ?” ಎಂದು ಗುಡುಗಿದರು.

“ನೀವು ಕೇಳಿದ್ದು ಒಂದು ನಿಮಿಷ ಸಾರ್. ಹುಡುಕಿದೆ. ಸುಳ್ಳಿಲ್ಲದ್ದು ಅದೊಂದೇ ಸಿಕ್ಕಿತು.”

ವಾರದೊಳಗೆ ಆ ನಲ್ಲಿಯಲ್ಲಿ ನೀರು ಧೋ ಎಂದು ಸುರಿಯಿತು. ಆವತ್ತೇ ಅಧ್ಯಕ್ಷರ ಫೋನು: “ಬೇಗ ಬಾರಮ್ಮ! ನಲ್ಲಿ ಬಿಟ್ಕೊಂಡು ಸುಮ್ಮನೆ ಕೂತಿದೀನಿ!”